ಸಂಗಾತಿ ವೀಸಾ ವಿಸ್ತರಣೆ (ಯುನೈಟೆಡ್ ಕಿಂಗ್‌ಡಮ್)

ಸಂಗಾತಿ ವೀಸಾ ವಿಸ್ತರಣೆ ಎಂಬುದು ಬ್ರಿಟಿಷ್ ಪೌರರ ಅಥವಾ ಅಲ್ಲಿ ಕಾಯಂ ನೆಲೆಸಿದವರ ಪತಿ ಇಲ್ಲವೇ ಪತ್ನಿ ಯುನೈಟೆಡ್ ಕಿಂಗ್‌ಡಮ್‌ನಲ್ಲಿ ವಾಸವನ್ನು ಮುಂದುವರಿಸಲು ಸಲ್ಲಿಸುವ ಅರ್ಜಿ. ಹೊರದೇಶದಲ್ಲಿ ಪಡೆದ ಮೊದಲ ವೀಸಾದ ಅವಧಿ 33 ತಿಂಗಳು. ವಿಸ್ತರಣೆಯಿಂದ ಇನ್ನೂ 30 ತಿಂಗಳು ದೊರೆಯುತ್ತದೆ.

ತಗಲುವ ಕಾಲ

ಆದಾಯ ಹಾಗೂ ಇಂಗ್ಲಿಷ್ ಭಾಷೆಯ ನಿಬಂಧನೆಗಳನ್ನು ಪೂರೈಸಿದ ಅರ್ಜಿಯ ತೀರ್ಮಾನಕ್ಕೆ ಸಾಮಾನ್ಯವಾಗಿ 8 ವಾರ ಹಿಡಿಯುತ್ತದೆ. ನಿಬಂಧನೆಗಳಿಂದ ವಿನಾಯಿತಿ ಕೋರುವ ಅಥವಾ ಜಟಿಲವಾದ ಅರ್ಜಿಗಳಿಗೆ ಬಹಳ ಹೆಚ್ಚು ಕಾಲ ಬೇಕಾಗುತ್ತದೆ. ಹೆಚ್ಚುವರಿ ಶುಲ್ಕದ ಶೀಘ್ರ ಸೇವೆ ಲಭ್ಯವಿದ್ದಲ್ಲಿ ಕೆಲವೇ ದಿನಗಳಲ್ಲಿ ಉತ್ತರ ಬರುವುದುಂಟು.

ಆದರೆ ಅರ್ಜಿದಾರರು ತೀರ್ಮಾನದ ದಿನಕ್ಕಿಂತ ಸಲ್ಲಿಕೆಯ ದಿನಕ್ಕೆ ಹೆಚ್ಚು ಗಮನ ಕೊಡಬೇಕಾಗುತ್ತದೆ. ಹಾಲಿ ವೀಸಾ ಮುಗಿಯುವ ಮೊದಲೇ ಅರ್ಜಿ ಸಲ್ಲಿಸಿದ್ದರೆ, 1971ರ ವಲಸೆ ಕಾಯಿದೆಯ 3ಸಿ ವಿಧಿಯಂತೆ ತೀರ್ಮಾನ ಬರುವವರೆಗೆ ವಾಸದ ಹಕ್ಕೂ ಉದ್ಯೋಗದ ಹಕ್ಕೂ ಮುಂದುವರಿಯುತ್ತವೆ. ತಡವಾಗಿ ಸಲ್ಲಿಸಿದವರಿಗೆ ಈ ರಕ್ಷಣೆಯಿಲ್ಲ. ಕಾಯುವ ಅವಧಿಯಲ್ಲಿ ಭಾರತಕ್ಕೆ, ಬಂಧುಗಳ ಮದುವೆಗೋ ಅಂತ್ಯಸಂಸ್ಕಾರಕ್ಕೋ ಹೊರಟರೂ, ಅರ್ಜಿಯನ್ನು ಹಿಂಪಡೆದಂತೆ ಪರಿಗಣಿಸಲಾಗುತ್ತದೆ. ದೂರದ ಕುಟುಂಬಗಳಿಗೆ ಇದು ಕಠಿಣವಾದ ನಿಯಮ.

ತೀರಾ ಮುಂಚಿತವಾಗಿ ಅರ್ಜಿ ಹಾಕುವುದೂ ನಷ್ಟಕರ. ಹೊಸ 30 ತಿಂಗಳು ಮಂಜೂರಾತಿಯ ದಿನದಿಂದ ಆರಂಭವಾಗುವುದರಿಂದ, ಕಾಯಂ ವಾಸಕ್ಕೆ ಅಗತ್ಯವಾದ 60 ತಿಂಗಳು ತುಂಬದೆ ಮತ್ತೊಮ್ಮೆ ವಿಸ್ತರಣೆ ಪಡೆಯಬೇಕಾದೀತು. ಆದಕಾರಣ ಕೊನೆಯ 28 ದಿನಗಳಲ್ಲಿ ಸಲ್ಲಿಸುವುದು ರೂಢಿ.

ನಿಬಂಧನೆಗಳು

ವಿಸ್ತರಣೆಗೆ ಇಂಗ್ಲಿಷ್ ಮಾತು ಮತ್ತು ಗ್ರಹಿಕೆಯಲ್ಲಿ ಎ2 ಮಟ್ಟ ಅಗತ್ಯ. ಮೊದಲ ವೀಸಾಕ್ಕೆ ಎ1 ಸಾಕು. 2024ರ ಏಪ್ರಿಲ್ 11ರಿಂದ ಕನಿಷ್ಠ ವಾರ್ಷಿಕ ಆದಾಯದ ಮಿತಿ 18,600 ಪೌಂಡ್‌ಗಳಿಂದ 29,000 ಪೌಂಡ್‌ಗಳಿಗೆ ಏರಿತು. ಅದಕ್ಕೆ ಮೊದಲೇ ಈ ಮಾರ್ಗದಲ್ಲಿದ್ದು ಅದೇ ಸಂಗಾತಿಯೊಡನೆ ಮುಂದುವರಿಯುವವರಿಗೆ ಹಳೆಯ ಮಿತಿಯೇ ಅನ್ವಯಿಸುತ್ತದೆ.