ಕಚೇರಿ ಕಾರ್ಯವಿಧಾನಗಳ ಬದಲಾವಣೆ ಮತ್ತು ಉದ್ಯೋಗ ಮನೋವಿಜ್ಞಾನ: ನಾಗರಿಕರಿಗೆ ಮಾಹಿತಿ

ಅರ್ಜಿಯ ನಮೂನೆ, ಗಣಕಯಂತ್ರದ ತಂತ್ರಾಂಶ, ಶುಲ್ಕ ಪಾವತಿಯ ಕ್ರಮ, ಕಡತ ಸಾಗುವ ಹಾದಿ ಇವುಗಳಲ್ಲಿ ಒಂದಲ್ಲ ಒಂದು ಪದೇಪದೇ ಬದಲಾಗುತ್ತಿರುವುದು ಸೇವೆ ಕೋರಿ ಕಚೇರಿಗಳಿಗೆ ಬರುವ ಸಾರ್ವಜನಿಕರ ಅನುಭವಕ್ಕೆ ಬಂದಿರುವ ವಿಷಯ. ಹೊಸ ಪದ್ಧತಿಯ ಮೊದಲ ದಿನಗಳಲ್ಲಿ ಕೆಲಸ ನಿಧಾನವಾದಾಗ ಅದಕ್ಕೆ ಸಿಬ್ಬಂದಿಯ ಉದಾಸೀನವೇ ಕಾರಣವೆಂದು ಭಾವಿಸಲಾಗುತ್ತದೆ. ದುಡಿಯುವವರ ಮನಸ್ಸು ಹಾಗೂ ದುಡಿಮೆಯ ಏರ್ಪಾಡು ಇವುಗಳ ಸಂಬಂಧವನ್ನು ಅಭ್ಯಸಿಸುವ ಉದ್ಯೋಗ ಮನೋವಿಜ್ಞಾನವು ಈ ಅಭಿಪ್ರಾಯವನ್ನು ಪೂರ್ಣವಾಗಿ ಒಪ್ಪುವುದಿಲ್ಲ. ಬದಲಾವಣೆಯನ್ನು ಜಾರಿಗೆ ತಂದ ರೀತಿಯೇ ಬಹುಪಾಲು ವಿಳಂಬಕ್ಕೆ ಮೂಲವೆಂಬುದು ಈ ಶಾಸ್ತ್ರದ ನಿಲುವು.

ಹಿನ್ನೆಲೆ

ಈ ನಿಲುವಿಗೆ ಆಧಾರವಾದ ಹಳೆಯ ಅಧ್ಯಯನವೊಂದು ಅಮೆರಿಕದ ವರ್ಜೀನಿಯಾ ರಾಜ್ಯದ ಹಾರ್ವುಡ್ ಪೈಜಾಮ ಕಾರ್ಖಾನೆಯಲ್ಲಿ ನಡೆಯಿತು. ಇದರ ವರದಿಯನ್ನು ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಅವರು 1948ರಲ್ಲಿ ಪ್ರಕಟಿಸಿದರು. ಕೆಲಸದ ವಿಧಾನ ಬದಲಿಸುವಾಗ ಒಂದು ಗುಂಪಿಗೆ ಆದೇಶವನ್ನು ಮಾತ್ರ ತಿಳಿಸಲಾಯಿತು. ಇತರ ಗುಂಪುಗಳಲ್ಲಿ ಕೆಲಸಗಾರರ ಪ್ರತಿನಿಧಿಗಳನ್ನು ಅಥವಾ ಎಲ್ಲ ಕೆಲಸಗಾರರನ್ನೂ ಹೊಸ ವಿಧಾನ ರೂಪಿಸುವಲ್ಲಿ ಸೇರಿಸಿಕೊಳ್ಳಲಾಯಿತು. ಆದೇಶವನ್ನಷ್ಟೇ ಪಡೆದ ಗುಂಪಿನಲ್ಲಿ ಮೊದಲ 40 ದಿನಗಳೊಳಗೆ ಶೇ. 17ರಷ್ಟು ಮಂದಿ ಕೆಲಸ ಬಿಟ್ಟರು, ಉತ್ಪಾದನೆಯೂ ಚೇತರಿಸಲಿಲ್ಲ. ಇತರ ಗುಂಪುಗಳಲ್ಲಿ ಆ ಅವಧಿಯಲ್ಲಿ ಯಾರೂ ಬಿಡಲಿಲ್ಲ. ಗಮನಾರ್ಹ ಸಂಗತಿಯೆಂದರೆ, ಮೊದಲ ಗುಂಪಿನಲ್ಲಿ ಉಳಿದವರನ್ನೇ ಕೆಲವು ತಿಂಗಳ ನಂತರ ಮತ್ತೊಂದು ಬದಲಾವಣೆಗೆ ಒಳಪಡಿಸಿ, ಈ ಬಾರಿ ಅವರ ಸಲಹೆ ಪಡೆದಾಗ, ಅವರೂ ಬೇಗನೆ ಹೊಸ ಕೆಲಸಕ್ಕೆ ಹೊಂದಿಕೊಂಡರು. ಅದೇ ಜನ, ಬೇರೆ ಫಲಿತಾಂಶ.

ಅಹಮದಾಬಾದಿನ ಪ್ರಯೋಗ

ನಮ್ಮ ದೇಶದ ಉದಾಹರಣೆ ಇನ್ನೂ ಬೋಧಪ್ರದವಾಗಿದೆ. ಅಹಮದಾಬಾದಿನ ಕ್ಯಾಲಿಕೊ ಮಿಲ್ಲಿನಲ್ಲಿ 1952ರಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಅಳವಡಿಸಲಾಯಿತು. ಯಂತ್ರ ಉತ್ತಮವಾದರೂ ಬಟ್ಟೆಯ ಪ್ರಮಾಣವಾಗಲೀ ಗುಣಮಟ್ಟವಾಗಲೀ ನಿರೀಕ್ಷೆಯಂತೆ ಹೆಚ್ಚಲಿಲ್ಲ. ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಅವರು 1953ರಲ್ಲಿ ಪರಿಶೀಲಿಸಿದಾಗ, 224 ಮಗ್ಗಗಳ ಶೆಡ್ಡಿನಲ್ಲಿ 29 ಕೆಲಸಗಾರರು 12 ಬಗೆಯ ಪ್ರತ್ಯೇಕ ಕೆಲಸಗಳಲ್ಲಿ ಹಂಚಿಹೋಗಿದ್ದುದು ಕಂಡುಬಂದಿತು. ನೇಕಾರನೊಬ್ಬನ ಪಾಲಿಗೆ 24 ಅಥವಾ 32 ಮಗ್ಗಗಳಿದ್ದರೆ, ಬಾಬಿನ್ ಒದಗಿಸುವವನು 224 ಮಗ್ಗಗಳಿಗೂ ಓಡಾಡಬೇಕಾಗಿತ್ತು. ನೂಲು ತುಂಡಾದರೆ ಅದು ಯಾರ ಹೊಣೆ, ಯಾರು ಯಾರಿಗೆ ಹೇಳಬೇಕು ಎಂಬುದೇ ಸ್ಪಷ್ಟವಿರಲಿಲ್ಲ. ಒಂದು ಕಡತಕ್ಕೆ ಹತ್ತು ಮೇಜುಗಳಿದ್ದು, ಇಡೀ ಕಡತಕ್ಕೆ ಹೊಣೆಗಾರರಿಲ್ಲದ ಸ್ಥಿತಿ ಇದೇ ಅಲ್ಲವೆ?

ನಿರ್ದಿಷ್ಟ ಮಗ್ಗಗಳ ಸಂಪೂರ್ಣ ಹೊಣೆಯನ್ನು ಒಂದು ಸಣ್ಣ ತಂಡಕ್ಕೆ ವಹಿಸಬಹುದೆಂದು ರೈಸ್ ಸೂಚಿಸಿದರು. ಕೆಲಸಗಾರರು ಈ ವಿಚಾರವನ್ನು ತಮ್ಮದಾಗಿಸಿಕೊಂಡು, ಅತಿ ಶೀಘ್ರದಲ್ಲಿ ತಾವೇ ತಂಡಗಳನ್ನು ರಚಿಸಿಕೊಂಡರು. ಆರಂಭದಲ್ಲಿ ಹಾನಿ ಹೆಚ್ಚಾಯಿತು. ಅನಂತರ ಉತ್ಪಾದನೆ ಏರಿ, ಹಾಳಾಗುವ ಬಟ್ಟೆ ಗಣನೀಯವಾಗಿ ಇಳಿಯಿತು. ಆದರೆ ವಿಷಯ ಇಲ್ಲಿಗೆ ಮುಗಿಯುವುದಿಲ್ಲ. ಎರಿಕ್ ಮಿಲ್ಲರ್ ಅವರು 1970ರವರೆಗಿನ ಸ್ಥಿತಿಯನ್ನು ಪರಿಶೀಲಿಸಿ 1975ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ತಂಡ ಪದ್ಧತಿ ಒಂದು ಶೆಡ್ಡಿನಲ್ಲಿ ಬಹುಮಟ್ಟಿಗೆ ಉಳಿದಿತ್ತು, ಇತರೆಡೆ ಸವೆದುಹೋಗಿತ್ತು. ಒಮ್ಮೆ ತರಬೇತಿ ನೀಡಿ ಕೈತೊಳೆದುಕೊಳ್ಳುವ ಕ್ರಮ ಸಾಲದು ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ವಿರಳ.

ಕರ್ನಾಟಕದ ‘ಭೂಮಿ’ ಯೋಜನೆ

ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯ ಅನುಭವವನ್ನೂ ಇಲ್ಲಿ ಸ್ಮರಿಸಬಹುದು. ಅದುವರೆಗೆ ಗ್ರಾಮ ಲೆಕ್ಕಿಗರ ವಶದಲ್ಲಿದ್ದ ಕೈಬರಹದ ದಾಖಲೆಗಳ ಬದಲು ತಾಲ್ಲೂಕು ಕೇಂದ್ರದ ಗಣಕೀಕೃತ ಪಹಣಿಗೆ ಮಾತ್ರ ಮಾನ್ಯತೆ ದೊರೆಯಿತು. ಖಾತೆ ಬದಲಾವಣೆಯ ಅರ್ಜಿಗಳಿಗೆ ಬಂದ ಸರದಿಯಂತೆಯೇ ವಿಲೇವಾರಿ ಎಂಬ ನಿಯಮ ಬಂದಿತು. ಗ್ರಾಮ ಲೆಕ್ಕಿಗರು ಕಳೆದುಕೊಂಡದ್ದು ಅಧಿಕಾರವನ್ನು ಮತ್ತು ವರ್ಷಗಳ ಕೈಪಳಗಿಕೆಯನ್ನು. ಅವರ ಪೈಕಿ ಕೆಲವರನ್ನೇ ಆಯ್ದು ತರಬೇತಿ ನೀಡಿ ಕಿಯೋಸ್ಕ್‌ಗಳಲ್ಲಿ ನಿಯೋಜಿಸಿದ್ದು, ವಿವಿಧ ಹಂತದ ಅಧಿಕಾರಿಗಳಿಗೆ ಕಾರ್ಯಾಗಾರ ನಡೆಸಿದ್ದು ಮನೋವಿಜ್ಞಾನದ ದೃಷ್ಟಿಯಿಂದ ಸಮಂಜಸ ಕ್ರಮಗಳು. ಎಲ್ಲ ವಿರೋಧವೂ ಮುಗ್ಧವಾದುದೆಂದು ಹೇಳಲಾಗದು. ಹಳೆಯ ಪದ್ಧತಿಯಿಂದ ಅನುಚಿತ ಲಾಭ ಪಡೆಯುತ್ತಿದ್ದವರ ವಿರೋಧಕ್ಕೆ ಸಮಾಲೋಚನೆ ಮದ್ದಲ್ಲ. ಅದಕ್ಕೆ ಸರದಿಯ ನಿಯಮವೇ ಬೇಕು. ಭಯದಿಂದ ಹುಟ್ಟಿದ ವಿರೋಧವನ್ನೂ ಲಾಭದಿಂದ ಹುಟ್ಟಿದ ವಿರೋಧವನ್ನೂ ಬೇರ್ಪಡಿಸಿ ನೋಡುವುದು ಕಚೇರಿ ಮುಖ್ಯಸ್ಥರ ಕರ್ತವ್ಯ.

ಅರ್ಜಿದಾರರ ಗಮನಕ್ಕೆ

ಹೊಸ ಪದ್ಧತಿಯ ತೊಡಕುಗಳನ್ನು ಮೊದಲು ಕಾಣುವವರು ಕೌಂಟರಿನ ಸಿಬ್ಬಂದಿ ಮತ್ತು ಅರ್ಜಿದಾರರು. ತಪ್ಪನ್ನು ಹೇಳಿದರೆ ಶಿಕ್ಷೆಯಾದೀತೆಂಬ ಅಂಜಿಕೆ ಇರುವ ಕಚೇರಿಯಲ್ಲಿ ಸಿಬ್ಬಂದಿ ತೊಡಕನ್ನು ಮರೆಮಾಚುತ್ತಾರೆ. ಆದ್ದರಿಂದ ನಮೂನೆಯ ಯಾವ ಅಂಕಣ ಅರ್ಥವಾಗಲಿಲ್ಲ, ಯಾವ ದಾಖಲೆಯನ್ನು ಎರಡು ಬಾರಿ ಕೇಳಲಾಯಿತು ಎಂಬುದನ್ನು ದಿನಾಂಕಸಹಿತ ಲಿಖಿತವಾಗಿ ಕಚೇರಿ ಮುಖ್ಯಸ್ಥರಿಗೆ ತಿಳಿಸುವುದು ಉಪಯುಕ್ತ. ವ್ಯಕ್ತಿಯ ಮೇಲಿನ ದೂರಿಗಿಂತ ಇಂತಹ ವಿವರ ಬೇಗ ಫಲ ಕೊಡುತ್ತದೆ.

ಸಿಬ್ಬಂದಿಗೆ ಕಲಿಯಲು ಕಾಲಾವಕಾಶ ಬೇಕೆಂಬುದು ನಿಜ. ಅದರ ಹೊರೆಯನ್ನು ಅರ್ಜಿದಾರರು ಹೊರಬೇಕಾಗಿಲ್ಲ. 2011ರ ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, ಅಂದರೆ ‘ಸಕಾಲ’ದ ವ್ಯಾಪ್ತಿಗೆ ಒಳಪಟ್ಟ ಸೇವೆಗಳಿಗೆ ಅರ್ಜಿ ಸಲ್ಲಿಸಿದವರು 15 ಅಂಕಿಗಳ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯತಕ್ಕದ್ದು. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬದ ಪ್ರತಿ ದಿನಕ್ಕೆ 20 ರೂ.ಗಳಂತೆ ಗರಿಷ್ಠ 500 ರೂ.ಗಳವರೆಗೆ ಪರಿಹಾರ ವೆಚ್ಚ ಪಡೆಯಲು ಈ ಅಧಿನಿಯಮದಲ್ಲಿ ಅವಕಾಶವಿದೆ.