ಕಾಕಾ ಮತ್ತು ಅಣ್ಣನ ಮಗ: ಬಾದಾಮಿಯ ದೊರೆ ಮಂಗಳೇಶ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹೈಸ್ಕೂಲಿನಲ್ಲಿ ಕಲಿತವರಲ್ಲಿ ಶಾಲೆಯ ಪ್ರವಾಸಕ್ಕೆಂದು ಒಮ್ಮೆ ಬಾದಾಮಿಗೆ ಹೋಗದವರು ಕಡಿಮೆ. ಬುತ್ತಿ ಕಟ್ಟಿಕೊಂಡು ನಸುಕಿನಲ್ಲಿ ಬಸ್ಸು ಹತ್ತಿದ್ದು, ಮೇಣಬಸದಿಯ ಮೆಟ್ಟಿಲು ಏರುವಾಗ ಮಂಗಗಳು ಕೈಯೊಳಗಿನ ಶೇಂಗಾ ಕಸಿದುಕೊಂಡು ಓಡಿದ್ದು ಎಲ್ಲರಿಗೂ ನೆನಪಿರುತ್ತದೆ. ಮೂರನೆಯ ಗುಹೆಯಲ್ಲಿ ಆದಿಶೇಷನ ಸುರುಳಿಯ ಮೇಲೆ ಕುಳಿತ ವಿಷ್ಣುವಿನ ಮುಂದೆ ನಿಂತು, "ಇದನ್ನ ಮಾಡಿಸಿದವರು ಯಾರ್ರಿ ಸರ್?" ಎಂದು ಹುಡುಗರು ಕೇಳುತ್ತಾರೆ. "ಪುಲಿಕೇಶಿಯ ಕಾಕಾ, ಮಂಗಳೇಶ" ಎಂದರೆ, "ಪುಲಿಕೇಶಿ ಕೊಂದನಲ್ರಿ, ಅವನಾ?" ಎನ್ನುತ್ತಾರೆ. ಇತಿಹಾಸ ಕಲಿಸಿದ ಅಷ್ಟೂ ವರ್ಷ ನನಗೆ ಈ ಪ್ರಶ್ನೆ ತಪ್ಪಲಿಲ್ಲ. ಪಠ್ಯಪುಸ್ತಕದಲ್ಲಿ ಆತನಿಗೆ ಸಿಗುವುದು ಒಂದೆರಡು ಸಾಲು, ಅದೂ ಇಮ್ಮಡಿ ಪುಲಿಕೇಶಿಯ ಪಾಠದ ಪೀಠಿಕೆಯಾಗಿ. ಆ ಸಾಲುಗಳಲ್ಲಿ ಹಿಡಿಸದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

543ರಲ್ಲಿ ಬಾದಾಮಿಯ ಬೆಟ್ಟದ ಮೇಲೆ ಕೋಟೆ ಕಟ್ಟಿಸಿ ಚಾಲುಕ್ಯ ರಾಜ್ಯಕ್ಕೆ ಬುನಾದಿ ಹಾಕಿದವನು ಒಂದನೆಯ ಪುಲಿಕೇಶಿ. ಅವನ ಮಗ ಕೀರ್ತಿವರ್ಮ. ಕೀರ್ತಿವರ್ಮನ ತಮ್ಮ ಮಂಗಳೇಶ. ಅಣ್ಣ ಬನವಾಸಿಯ ಕದಂಬರನ್ನೂ ಕೊಂಕಣದ ಮೌರ್ಯರನ್ನೂ ನಳರನ್ನೂ ಗೆದ್ದು ರಾಜ್ಯವನ್ನು ದೊಡ್ಡದು ಮಾಡುತ್ತಿದ್ದ ಕಾಲದಲ್ಲಿ ತಮ್ಮ ಬಾದಾಮಿಯ ಕೆಂಪು ಬಂಡೆಯನ್ನು ಕೊರೆಸುತ್ತಿದ್ದ. ಶಕ ವರ್ಷ 500, ಅಂದರೆ ಕ್ರಿ.ಶ. 578ರ ಕಾರ್ತಿಕ ಹುಣ್ಣಿಮೆಯಂದು ಗುಹೆಯಲ್ಲಿ ವಿಷ್ಣುವಿನ ಪ್ರತಿಷ್ಠೆಯಾಯಿತು. ಆಗ ಕೀರ್ತಿವರ್ಮನ ಆಳ್ವಿಕೆಯ ಹನ್ನೆರಡನೆಯ ವರ್ಷ. ಇಷ್ಟು ನಿಖರವಾಗಿ ಕಾಲ ತಿಳಿದಿರುವ ಗುಹಾಲಯ ನಮ್ಮ ದೇಶದಲ್ಲಿ ಅಪರೂಪ.

ಅಲ್ಲಿಯ ಸಂಸ್ಕೃತ ಶಾಸನದಲ್ಲಿ ದಾನದ ವಿವರವಿದೆ. ಲಂಜಿಗೇಸರವೆಂಬ ಊರನ್ನು ದೇವರಿಗೆ ಬಿಟ್ಟು, ಅದರ ಉತ್ಪನ್ನದಲ್ಲಿ ನಾರಾಯಣಬಲಿ ನಡೆಯಬೇಕು, ದಿನಾಲು ಹದಿನಾರು ಬ್ರಾಹ್ಮಣರಿಗೆ ಊಟವಾಗಬೇಕು, ಉಳಿದದ್ದು ಪರಿವ್ರಾಜಕರಿಗೆ ಸಲ್ಲಬೇಕು ಎಂದು ಮಂಗಳೇಶ ಕಟ್ಟಳೆ ಮಾಡಿದ್ದಾನೆ. ಮಹಾಕೂಟಕ್ಕೆ ಹೋಗುವ ದಾರಿಯ ನಂದಿಕೇಶ್ವರವೇ ಆ ಲಂಜಿಗೇಸರ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಆದರೆ ನನ್ನನ್ನು ಪ್ರತಿ ಸಲ ನಿಲ್ಲಿಸುವುದು ಮುಂದಿನ ಮಾತು. ದೇವತೆಗಳನ್ನೂ ಅಗ್ನಿಯನ್ನೂ ಸಾಕ್ಷಿಯಿಟ್ಟು ಮಂಗಳೇಶ ಹೇಳುವುದು ಇದು: ಈ ಪುಣ್ಯದ ಫಲ ನನ್ನ ಅಣ್ಣ ಕೀರ್ತಿವರ್ಮನಿಗೆ ಸೇರಲಿ, ಅಣ್ಣನ ಸೇವೆ ಮಾಡಿದ ಫಲವಷ್ಟೇ ನನಗಿರಲಿ. ದುಡಿದವನು, ಮಾಡಿಸಿದವನು ತಾನು; ಪುಣ್ಯವೆಲ್ಲ ಅಣ್ಣನದು.

ಪಕ್ಕದಲ್ಲೇ ಇನ್ನೊಂದು ಚಿಕ್ಕ ಶಾಸನ, ಕನ್ನಡದ್ದು. ಕನ್ನಡದ ಅತಿ ಹಳೆಯ ಶಾಸನಗಳ ಸಾಲಿನಲ್ಲಿ ಅದೂ ಒಂದು. ಸಂಸ್ಕೃತದಲ್ಲಿ ಮಹಾವಿಷ್ಣುಗೃಹವಾದದ್ದು ಇಲ್ಲಿ ಬರೀ 'ಕಲ್ಮನೆ', ಕಲ್ಲಿನ ಮನೆ. ಲಂಜಿಗೇಸರದ ದಾನವನ್ನೇ ಹೇಳಿ, ಹೂಮಾಲೆ ಕಟ್ಟುವವರ ಪಾಲನ್ನೂ ಅದು ನೆನೆಯುತ್ತದೆ. ಇದನ್ನು ಕೆಡಿಸಿದವನು ಏಳನೆಯ ನರಕದ ಹುಳುವಾಗಲಿ ಎಂಬ ಶಾಪವೂ ಇದೆ. ಹುಡುಗರಿಗೆ ಇದನ್ನು ಹೇಳಿದರೆ ಗುಹೆಯೆಲ್ಲ ನಗೆಯಾಗುತ್ತಿತ್ತು.

ಕೀರ್ತಿವರ್ಮ ತೀರಿಕೊಂಡಾಗ ಅವನ ಮಕ್ಕಳಿನ್ನೂ ಚಿಕ್ಕವರು. ಸುಮಾರು 597ರಲ್ಲಿ ಮಂಗಳೇಶ ಪಟ್ಟವೇರಿದ. ನಮ್ಮ ಕಡೆಯ ರೈತರಿಗೆ ಈ ಪರಿಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣ ಸತ್ತ, ಮಕ್ಕಳು ಮೈನರ್, ಹೊಲದ ಕಾರಭಾರ ಕಾಕಾನ ಕೈಗೆ ಬಂತು. ಹುಡುಗರು ದೊಡ್ಡವರಾದ ಮೇಲೆ ಕಾಕಾ ಉತಾರಕ್ಕೆ ಅವರ ಹೆಸರು ಏರಿಸುತ್ತಾನೋ ಇಲ್ಲವೋ ಎಂಬುದರ ಮೇಲೆ ಮನೆತನ ಉಳಿಯುವುದೋ ಒಡೆಯುವುದೋ ನಿಂತಿರುತ್ತದೆ. ಮುಧೋಳ ಸಂಸ್ಥಾನದಲ್ಲಿ 1937ರಲ್ಲಿ ಮಾಲೋಜಿರಾವ ಘೋರ್ಪಡೆಯವರು ತೀರಿಕೊಂಡಾಗಲೂ ಉತ್ತರಾಧಿಕಾರಿ ಬಾಲಕ. ಆದರೆ ಅಲ್ಲಿ ರೀಜೆನ್ಸಿ ಇತ್ತು, ಮೇಲೆ ಬ್ರಿಟಿಷರಿದ್ದರು, ಕಾಗದಪತ್ರವಿತ್ತು. ಆರನೆಯ ಶತಮಾನದ ಬಾದಾಮಿಯಲ್ಲಿ ಇದ್ದದ್ದು ಕಾಕಾನ ಮನಸ್ಸು ಮಾತ್ರ.

ಪಾಲಕನಾಗಿ ಬಂದವನು ಆಳಿದ್ದೇನೂ ಸಣ್ಣ ರೀತಿಯಲ್ಲಲ್ಲ. ಉತ್ತರದಲ್ಲಿ ಗುಜರಾತ, ಖಾನದೇಶ, ಮಾಳವದ ತನಕ ಹಬ್ಬಿದ್ದ ಕಳಚೂರಿ ರಾಜ್ಯದ ದೊರೆ ಬುದ್ಧರಾಜನ ಮೇಲೆ ದಂಡೆತ್ತಿ ಹೋಗಿ, ಅವನನ್ನು ಸೋಲಿಸಿ ಐಶ್ವರ್ಯವನ್ನೆಲ್ಲ ತಂದ. ಭಾಗೀರಥಿಯ ದಂಡೆಯಲ್ಲಿ ವಿಜಯಸ್ತಂಭ ನೆಡಬೇಕೆಂದು ಆಸೆಯಿತ್ತು. ಅದಕ್ಕೂ ಮೊದಲು ಧರ್ಮದ ಸ್ತಂಭವೊಂದಿರಲಿ ಎಂದು ಮಹಾಕೂಟದಲ್ಲಿ ಕಂಬ ನಿಲ್ಲಿಸಿದ. ಆಳ್ವಿಕೆಯ ಐದನೆಯ ವರ್ಷ, 602ರ ವೈಶಾಖ ಹುಣ್ಣಿಮೆ. ಕಳಚೂರಿಗಳಿಂದ ತಂದ ಸಂಪತ್ತು ಮಕುಟೇಶ್ವರನಿಗೆ ಸಂದಿತು, ಜೊತೆಗೆ ಹತ್ತು ಊರುಗಳು. ವಿಷ್ಣುವಿಗೆ ಗುಹೆ ಕೊರೆಸಿದ ಕೈಯೇ ಶಿವನಿಗೆ ಇಷ್ಟು ಕೊಟ್ಟದ್ದು. ಆ ಕಂಬ ಈಗ ವಿಜಯಪುರದ ಗೋಲಗುಮ್ಮಟದ ಮುಂದಿನ ಮ್ಯೂಜಿಯಮ್ಮಿನಲ್ಲಿದೆ. ಗುಮ್ಮಟದಲ್ಲಿ ಕೂಗಿ ಕೂಗಿ ದಣಿದ ಹುಡುಗರನ್ನು ಅದರ ಮುಂದೆ ಐದು ನಿಮಿಷ ನಿಲ್ಲಿಸುವುದು ಕಷ್ಟದ ಕೆಲಸ.

ಗೆದ್ದದ್ದು ನಿಜ, ಆ ನಾಡು ಕೈಯಲ್ಲಿ ಉಳಿಯಲಿಲ್ಲ. 609ರ ಸುಮಾರಿಗೂ ಬುದ್ಧರಾಜ ಅಲ್ಲಿ ಭೂದಾನ ಮಾಡುತ್ತಲೇ ಇದ್ದ. ಆದರೆ ಪಶ್ಚಿಮದಲ್ಲಿ ಮಂಗಳೇಶನ ಹಿಡಿತ ಗಟ್ಟಿಯಾಯಿತು. ಕೊಂಕಣದಲ್ಲಿ ಹದಿನೆಂಟು ಯುದ್ಧ ಗೆದ್ದವನೆಂದು ಹೆಸರಾದ ಸ್ವಾಮಿರಾಜನನ್ನು ಕೊಂದುದಾಗಿ ನೇರೂರಿನ ತಾಮ್ರಪಟ ಹೇಳುತ್ತದೆ. ಆ ಸ್ವಾಮಿರಾಜನೂ ಚಾಲುಕ್ಯ ವಂಶದವನೇ ಎಂಬುದನ್ನು ಗಮನಿಸಬೇಕು. ಸಮುದ್ರ ದಾಟಿ ರೇವತೀದ್ವೀಪವನ್ನೂ ಆತ ವಶಪಡಿಸಿಕೊಂಡ. ವೆಂಗುರ್ಲೆಯ ಹತ್ತಿರದ ಇಂದಿನ ರೇಡಿಯೇ ಅದು.

ಇತ್ತ ಅಣ್ಣನ ಮಗ ದೊಡ್ಡವನಾದ. ಮುಂದೆ ನಡೆದದ್ದನ್ನು ಹೇಳುವವನು ಐಹೊಳೆಯ ಮೇಗುತಿ ಬಸದಿಯ ಶಾಸನ ಬರೆದ ರವಿಕೀರ್ತಿ. ಕಾಕಾ ತನ್ನ ಮೇಲೆ ಅಸೂಯೆಪಡುತ್ತಾನೆಂದು ತಿಳಿದ ಪುಲಿಕೇಶಿ ರಾಜಧಾನಿ ಬಿಟ್ಟು ಹೊರಗೆ ಅಲೆದಾಡಿದ. ಮಂತ್ರಶಕ್ತಿ, ಉತ್ಸಾಹಶಕ್ತಿಗಳಿಂದ ಕಾಕಾನ ಬಲವನ್ನು ಕುಗ್ಗಿಸಿದ. ಕೊನೆಗೆ ಮಂಗಳೇಶ ತನ್ನ ಮಗನಿಗೆ ರಾಜ್ಯ ಕೊಡಿಸುವ ಪ್ರಯತ್ನ, ರಾಜ್ಯ, ಪ್ರಾಣ ಮೂರನ್ನೂ ಒಟ್ಟಿಗೇ ಕಳೆದುಕೊಂಡ. ಆ ಮಗನ ಹೆಸರನ್ನು ಕವಿ ಹೇಳುವುದಿಲ್ಲ. ಇದು 609–10ರ ಸುಮಾರಿನ ಮಾತು. 578ರಲ್ಲಿ ಮಂಗಳೇಶನಿಗೆ ಇಪ್ಪತ್ತು ವರ್ಷ ಎಂದು ಹಿಡಿದರೂ, ಸಾಯುವಾಗ ಐವತ್ತು ದಾಟಿತ್ತು. ಈ ಒಳಜಗಳಕ್ಕೆ ರಾಜ್ಯವೂ ಬೆಲೆ ತೆತ್ತಿತು. ಲೋಕವೆಲ್ಲ ವೈರಿಗಳ ಕತ್ತಲೆಯಲ್ಲಿ ಮುಳುಗಿತೆಂದು ರವಿಕೀರ್ತಿಯೇ ಒಪ್ಪುತ್ತಾನೆ. ಅಪ್ಪಾಯಿಕ, ಗೋವಿಂದ ಎಂಬಿಬ್ಬರು ಆನೆಗಳ ದಂಡು ಕಟ್ಟಿಕೊಂಡು ಭೀಮಾನದಿಯ ಉತ್ತರದ ನಾಡಿಗೆ ನುಗ್ಗಿ ಬಂದರು. ಹೊಸ ದೊರೆ ಒಬ್ಬನನ್ನು ಓಡಿಸಿ, ಇನ್ನೊಬ್ಬನನ್ನು ತನ್ನವನನ್ನಾಗಿ ಮಾಡಿಕೊಂಡು ಸಂಭಾಳಿಸಬೇಕಾಯಿತು.

ಐಹೊಳೆಯ ಶಾಸನದ ಕಾಲ 634. ಪುಲಿಕೇಶಿ ಹರ್ಷವರ್ಧನನನ್ನು ತಡೆದು ಕೀರ್ತಿಯ ಶಿಖರದಲ್ಲಿದ್ದಾನೆ. ರವಿಕೀರ್ತಿ ಅವನ ಆಶ್ರಯದಲ್ಲಿದ್ದಾನೆ. ಹಾಗಿದ್ದೂ ಮಂಗಳೇಶನ ಕಳಚೂರಿ ವಿಜಯವನ್ನೂ ರೇವತೀದ್ವೀಪದ ಗೆಲುವನ್ನೂ ಚೆನ್ನಾಗಿಯೇ ಹೊಗಳಿ, ಆಮೇಲೆ ಅಸೂಯೆಯ ಮಾತಿಗೆ ಬರುತ್ತಾನೆ. ಕವಿ ಅಷ್ಟರ ಮಟ್ಟಿಗೆ ಪ್ರಾಮಾಣಿಕ. ತಾಮ್ರಪಟಗಳು ಅಷ್ಟನ್ನೂ ಮಾಡಲಿಲ್ಲ. ಪುಲಿಕೇಶಿ ಮತ್ತು ಅವನ ನಂತರದವರ ದಾನಪತ್ರಗಳಲ್ಲಿ ವಂಶಾವಳಿ ಕೀರ್ತಿವರ್ಮನಿಂದ ನೇರವಾಗಿ ಪುಲಿಕೇಶಿಗೆ ಜಿಗಿಯುತ್ತದೆ. ಹತ್ತು-ಹನ್ನೆರಡು ವರ್ಷ ಆಳಿದವನ ಹೆಸರು ಮನೆತನದ ಉತಾರದಿಂದಲೇ ತೆಗೆದು ಹೋಗಿದೆ.

ಸ್ಕಾಟ್ಲೆಂಡಿನ ಮ್ಯಾಕ್‌ಬೆತ್‌ನದೂ ಇಂಥದೇ ಕಥೆ. ಅಲ್ಲಿ ಆಗ ಪಟ್ಟವು ತಂದೆಯಿಂದ ಮಗನಿಗೇ ಬರಬೇಕೆಂಬ ಗಟ್ಟಿ ನಿಯಮವಿರಲಿಲ್ಲ. ರಾಜಮನೆತನದ ಪ್ರಾಯದ ಗಂಡಸರಲ್ಲಿ ಬಲವುಳ್ಳವನದು. 1040ರಲ್ಲಿ ಡಂಕನ್ ಯುದ್ಧದಲ್ಲಿ ಸತ್ತ, ಮ್ಯಾಕ್‌ಬೆತ್ ದೊರೆಯಾಗಿ ಹದಿನೇಳು ವರ್ಷ ಆಳಿದ, 1050ರಲ್ಲಿ ರೋಮ್ ಯಾತ್ರೆ ಮಾಡಿ ಬಡವರಿಗೆ ಹಣ ಹಂಚಿದ. 1057ರಲ್ಲಿ ಡಂಕನ್‌ನ ಮಗ ಮಾಲ್ಕಂ ಅವನನ್ನು ಕೊಂದ. ಐದೂವರೆ ಶತಮಾನದ ಮೇಲೆ ಶೇಕ್ಸ್‌ಪಿಯರ್ ನಾಟಕ ಬರೆದು, ಡಂಕನ್‌ನನ್ನು ಮಲಗಿದಲ್ಲೇ ಕೊಲೆಯಾದ ಮುದುಕನನ್ನಾಗಿ ಮಾಡಿದ. ಜಗತ್ತಿಗೆ ಗೊತ್ತಿರುವುದು ಆ ಮ್ಯಾಕ್‌ಬೆತ್.

ಹಾಗೆಂದು ಮಂಗಳೇಶನನ್ನು ನಿರ್ದೋಷಿ ಎನ್ನಲಾರೆ. ಮಗನಿಗಾಗಿ ಅಣ್ಣನ ಮಗನ ಪಾಲನ್ನು ಹಿಡಿದಿಟ್ಟದ್ದು ನಿಜವೆಂದೇ ನನಗೆ ತೋರುತ್ತದೆ. ಆದರೆ ಗುಹೆಯ ಮಾತೂ ಸುಳ್ಳಲ್ಲ. ಅಣ್ಣ ಬದುಕಿರುವವರೆಗೆ ಒಂದು ಮನಸ್ಸು, ತನ್ನ ಮಗ ಬೆಳೆದು ನಿಂತ ಮೇಲೆ ಇನ್ನೊಂದು. ಇಂಥವರನ್ನು ನಾವು ನಮ್ಮ ಓಣಿಯಲ್ಲೇ ಕಂಡಿದ್ದೇವೆ.

ನಮ್ಮ ಮುಧೋಳದ ರನ್ನ ದಾಯಾದಿಗಳ ಯುದ್ಧವನ್ನೇ ಗದಾಯುದ್ಧದಲ್ಲಿ ಹೇಳಿದ. ತನ್ನ ಪ್ರಭು ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿದರೂ ಸೋತ ದುರ್ಯೋಧನನ ದೊಡ್ಡಸ್ತಿಕೆಯನ್ನು ಮರೆಸಲಿಲ್ಲ. ಮಂಗಳೇಶನಿಗೆ ಅಂಥ ಕವಿ ಸಿಗಲಿಲ್ಲ. ಆದರೆ ಅದೇ ಕಲ್ಯಾಣದ ಚಾಲುಕ್ಯರ ಮನೆಯಲ್ಲಿ, ಸತ್ಯಾಶ್ರಯನ ನಂತರ ಐದನೆಯ ವಿಕ್ರಮಾದಿತ್ಯ ಕೊಟ್ಟ 1009ರ ಕೌಠೆಂ ತಾಮ್ರಪಟದಲ್ಲಿ ಈ ಹಳೆಯ ಜಗಳ ಬೇರೆ ರೂಪ ತಾಳಿ ಬರುತ್ತದೆ. ಹುಡುಗ ಚಿಕ್ಕವನಾದ್ದರಿಂದ ಮಂಗಳೇಶ ರಾಜ್ಯದ ಭಾರ ಹೊತ್ತ. ಅವನು ಪ್ರಾಯಕ್ಕೆ ಬಂದ ಕೂಡಲೇ ಒಪ್ಪಿಸಿಬಿಟ್ಟ. ಚಾಲುಕ್ಯ ವಂಶದಲ್ಲಿ ಹುಟ್ಟಿದವನು ಧರ್ಮದ ದಾರಿ ತಪ್ಪುವುದುಂಟೇ ಎಂದು ಅದು ಕೇಳುತ್ತದೆ. ಯುದ್ಧವಿಲ್ಲ, ಸಾವಿಲ್ಲ. ಆ ತಾಮ್ರಪಟ ಬರೆಯಿಸಿದ ವಿಕ್ರಮಾದಿತ್ಯ ಸತ್ಯಾಶ್ರಯನ ಮಗನಲ್ಲ, ತಮ್ಮನ ಮಗ. ದೊಡ್ಡಪ್ಪನ ಸಿಂಹಾಸನಕ್ಕೆ ಬಂದು ಆಗಿನ್ನೂ ಒಂದೆರಡು ವರ್ಷವಾಗಿತ್ತು.