ದೇವರ ಹಣ: ತೆರಿಗೆಯೋ, ಶುಲ್ಕವೋ?

ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲವದು. ಇಲ್ಲಿಯ ದೇವಸ್ಥಾನಗಳೂ ಉಡುಪಿಯ ಮಠಗಳೂ ಮದ್ರಾಸು ಸರಕಾರದ 1951ರ ಹಿಂದೂ ಧಾರ್ಮಿಕ ದತ್ತಿ ಕಾಯಿದೆಗೆ ಒಳಪಟ್ಟಿದ್ದವು. ಅದರ 76ನೇ ಸೆಕ್ಷನಿನಂತೆ ಆದಾಯದ ಶೇಕಡಾ 5ರವರೆಗೆ ವಾರ್ಷಿಕ ವಂತಿಗೆ ಕಟ್ಟಬೇಕಿತ್ತು.

ಇದನ್ನು ಪ್ರಶ್ನಿಸಿದವರು ಶಿರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥ ಸ್ವಾಮಿಗಳು. ಎರಡು ವರ್ಷದ ಪರ್ಯಾಯ, ನಿತ್ಯ ಅನ್ನಸಂತರ್ಪಣೆಯ ಖರ್ಚಿನಿಂದ ಮಠ ಸಾಲಕ್ಕೆ ಬಿದ್ದಿತ್ತು. ಆಡಳಿತದಲ್ಲಿ ಸರಕಾರದ ಕೈ ಬಂದಾಗ ಅವರು ಮದ್ರಾಸು ಹೈಕೋರ್ಟಿಗೆ ಹೋಗಿ ಗೆದ್ದರು. ದತ್ತಿ ಕಮಿಷನರರು ಸುಪ್ರೀಂ ಕೋರ್ಟಿಗೆ ಅಪೀಲು ಮಾಡಿದರು.

1954ರ ಮಾರ್ಚ್ 16ರಂದು 7 ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು: ಈ ವಂತಿಗೆ ಶುಲ್ಕವಲ್ಲ, ತೆರಿಗೆ. ಹಣ ಸರಕಾರದ ಸಾಮಾನ್ಯ ನಿಧಿಗೆ ಸೇರುತ್ತಿತ್ತು. ಕೊಟ್ಟ ಹಣಕ್ಕೂ ಪಡೆದ ಸೇವೆಗೂ ತಾಳೆಯಿರಲಿಲ್ಲ. ಇಂಥ ತೆರಿಗೆ ಹಾಕಲು ರಾಜ್ಯ ಶಾಸನಸಭೆಗೆ ಅಧಿಕಾರವಿಲ್ಲ. ಪೂಜಾವಿಧಿ ಆಯಾ ಸಂಪ್ರದಾಯಕ್ಕೆ ಬಿಟ್ಟದ್ದು. ಆಸ್ತಿಯ ಆಡಳಿತವನ್ನು ಮಾತ್ರ ಕಾಯಿದೆ ನಿಯಂತ್ರಿಸಬಹುದು, ಪೂರ್ತಿ ಕಸಿದುಕೊಳ್ಳುವಂತಿಲ್ಲ.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ರಾಜ್ಯ ಬದಲಾದರೂ ಮದ್ರಾಸಿನ ಕಾಯಿದೆ ಇಲ್ಲಿ ಉಳಿಯಿತು. 2008ರಲ್ಲಿ ಮಲಬಾರ್ ದೇವಸ್ವಂ ಮಂಡಳಿ ಬಂದದ್ದೂ ಅದೇ ಕಾಯಿದೆಯ ತಿದ್ದುಪಡಿಯಿಂದ.

ಹಣ ತೆಗೆದುಕೊಂಡವನು ಲೆಕ್ಕ ಕೊಡಬೇಕು. ಸರಕಾರಕ್ಕೆ ಕೋರ್ಟು ಹೇಳಿದ ಈ ಮಾತು ಮೊಕ್ತೇಸರರಿಗೂ ಸಲ್ಲುತ್ತದೆ. ಹರಕೆಯ ಪ್ರತಿ ರೂಪಾಯಿಗೂ ರಸೀದಿ, ಪ್ರತಿ ಖರ್ಚಿಗೂ ಬಿಲ್ಲು, ವರ್ಷಕ್ಕೊಮ್ಮೆ ಊರವರೆದುರು ಲೆಕ್ಕಪತ್ರ ಮಂಡನೆ. ಇವಿಷ್ಟಿದ್ದರೆ ದೇವರ ಹಣ ದೇವರಿಗೇ ಉಳಿಯುತ್ತದೆ.